ಕಾಲಿಡದೆ ಹೋಗಿಬಂದ ಊರು

…ಅಥವಾ ಬುಟ್ಟಿ ಮೇಲೆದ್ದದ್ದು ಮೊದಲು, ಜನ ಕೈ ಮುಗಿದದ್ದು ಆಮೇಲೆ ಇದ್ದರೂ ಇರಬಹುದು. ಈಗ ನನ್ನ ತಲೆಯೊಳಗೆ ಅದು ಬಹಳ ಚೆಂದಾಗಿ ನಡೆಯುತ್ತದೆ. ಬಲೂನಿನ ಬುಟ್ಟಿಯನ್ನು ಜನ ಹಿಡಿದುಕೊಂಡಿದ್ದಾರೆ, ಒಳಗೆ ನನ್ನ ಅತ್ತೆ ನಿಂತಿದ್ದಾರೆ, ಊರಿನ ಗೌಡರು ಬರುತ್ತಾರೆ, ಹಿಡಿದವರೆಲ್ಲ ಬಿಟ್ಟು ಕೈ ಮುಗಿಯುತ್ತಾರೆ, ಅತ್ತೆ ಆಕಾಶಕ್ಕೆ ಹೋಗುತ್ತಾರೆ. ಇಷ್ಟು ಚೆಂದಾಗಿ ನಡೆದದ್ದನ್ನು ನಂಬಬಾರದು. ಮೈಸೂರಿಗೆ ಮರಳಿದ ಮೇಲೆ ಹೇಳಿದಷ್ಟು ಸಲವೂ ಈ ಕಥೆ ಸುಧಾರಿಸಿದೆ. ಮೊದಲ ಸಲ ಗೌಡರ ತಲೆಗೆ ಪಟಕಾ ಇರಲಿಲ್ಲ, ಈಗ ಇದೆ. ನನ್ನ ಮೈದುನ ಶಿವಾನಂದ ಇಡೀ ಪ್ರಸಂಗವನ್ನು ಮೊಬೈಲಿನಲ್ಲಿ ಹಿಡಿದಿದ್ದಾನೆ, ಆದರೆ ಮುಖ್ಯವಾದ ಜಾಗದಲ್ಲಿ ಬರೀ ಕತ್ತಲೆ. ಕೈ ಮುಗಿಯಲು ಅವನೂ ಮೊಬೈಲನ್ನು ಜೇಬಿಗೆ ಹಾಕಿಕೊಂಡಿದ್ದ.

ಇದು ಪರದೇಶ ಪ್ರವಾಸದ ಕಥೆ. ನಮ್ಮ ಬೀದಿಯ ಹೆಂಗಸರು ಆಗಾಗ ಒಂದು ಮನೆಯಲ್ಲಿ ಸೇರುತ್ತೇವೆ. ಯಾರಾದರೊಬ್ಬರು ಹೊರದೇಶಕ್ಕೆ ಹೋಗಿಬಂದಿರುತ್ತಾರೆ, ಉಳಿದವರು ಚಕ್ಕುಲಿ ತಿನ್ನುತ್ತ ಸ್ವಿಟ್ಜರ್ಲೆಂಡಿನ ಹಸುವನ್ನು ಟಿವಿಯಲ್ಲಿ ನೋಡುತ್ತೇವೆ. ಎಲ್ಲರ ಫೋಟೊದಲ್ಲೂ ಅದೇ ಹಸು. ನನ್ನ ಸರದಿ ಬಂತು. ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆಯೂ ಇಲ್ಲ. ಮುಂದಿನ ವಾರ ಬೆಳಗಾವಿಗೆ ಹೋಗುತ್ತಿದ್ದೇನೆ, ಅದನ್ನೇ ಹೇಳುತ್ತೇನೆ ಎಂದೆ. "ಅಲ್ಲಿ ಕನ್ನಡ ನಡೆಯುತ್ತೇನ್ರೀ?" ಎಂದು ಒಬ್ಬರು ಕೇಳಿದರು. "ನೀರು ಕಾಯಿಸ್ಕೊಂಡೇ ಕುಡೀರಿ," ಎಂದು ಇನ್ನೊಬ್ಬರು ಬುದ್ಧಿ ಹೇಳಿದರು. ರಾಜ್ಯದ ನಕ್ಷೆಗೆ ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಿದ ಮನೆಯಲ್ಲೇ ಈ ಮಾತು ನಡೆದದ್ದು. ಅಲ್ಲಿಗೆ ಬೆಳಗಾವಿ ಪರದೇಶವೆಂದು ತೀರ್ಮಾನವಾಯಿತು.

ಟಿಳಕವಾಡಿ

ಪರದೇಶದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಲ್ಲಿನವರ ಕೈಗಳು. ರೈಲು ನಿಲ್ದಾಣದ ಮುಂದೆ ಹತ್ತಿದ ಆಟೋದ ಚಾಲಕ, ದಾರಿಯಲ್ಲಿ ಪರಿಚಯದ ಹಿರಿಯರೊಬ್ಬರನ್ನು ಕಂಡು, ಹ್ಯಾಂಡಲ್ ಬಿಟ್ಟು, ಎರಡೂ ಕೈ ಜೋಡಿಸಿ "ಶರಣ್ರೀ" ಎಂದ. ಆಟೋ ತನ್ನ ಪಾಡಿಗೆ ತಾನು ಸ್ವಲ್ಪ ಯೋಚಿಸಿ ಗಟಾರದ ಕಡೆ ವಾಲಿತು.

"ಕೈ ಬಿಡಬೇಡಪ್ಪಾ!" ಎಂದೆ.

"ದೊಡ್ಡಾವ್ರು ಕಂಡಾಗ ಒಂದ ಕೈಲೆ ಹೆಂಗ ಮುಗೀಲಿ ಅಕ್ಕಾರ? ಗಾಡಿಗೆ ರಸ್ತಿ ಗೊತ್ತೈತಿ, ಬಿಡ್ರಿ."

ಮೈಸೂರಿನಲ್ಲಿ ನಾವು ನಮಸ್ಕಾರವನ್ನು ಹುಬ್ಬಿನಲ್ಲೇ ಮುಗಿಸುತ್ತೇವೆ. ಎದುರಿನವರು ಅದನ್ನು ಸೊಳ್ಳೆ ಓಡಿಸಿದ್ದೆಂದು ತಿಳಿದುಕೊಂಡರೂ ನಮಗೇನೂ ನಷ್ಟವಿಲ್ಲ. ಇಲ್ಲಿ ಹಾಗಲ್ಲ. ಶಿವಾನಂದನ ಸ್ಕೂಟರಿನ ಹಿಂದೆ ಕುಳಿತು ಪೇಟೆಗೆ ಹೋದಾಗಲೂ ಇದೇ ಅನುಭವ. ಅವನ ಮನೆಯಿರುವ ಟಿಳಕವಾಡಿಯಲ್ಲಿ ಅವನಿಗೆ ಗೊತ್ತಿಲ್ಲದ ಹಿರಿಯರಿಲ್ಲ. ನಾನು ಕಣ್ಣು ಮುಚ್ಚಿಕೊಂಡೇ ಊರು ನೋಡಿದೆ.

ಶಿವಾನಂದನದು ಒಂದು ಫೌಂಡ್ರಿ. ಬೀಡುಕಬ್ಬಿಣ ಕರಗಿಸಿ ಪಂಪಿನ ಭಾಗಗಳನ್ನು ಎರಕ ಹೊಯ್ಯುವುದು ಅವನ ಕೆಲಸ, ಯಾವುದಾದರೊಂದು ಹುಚ್ಚನ್ನು ಹಚ್ಚಿಕೊಳ್ಳುವುದು ಅವನ ಸ್ವಭಾವ. ಈ ವರ್ಷದ ಹುಚ್ಚು ಬಿಸಿಗಾಳಿಯ ಬಲೂನು. ಖಾನಾಪುರದ ಸುತ್ತ ಹೊಳೆ ಇದೆ, ಕಾಡಿದೆ, ಗದ್ದೆ ಇದೆ, ಬಲೂನು ಒಂದಿಲ್ಲ ಎಂದು ಅವನಿಗೂ ಅವನ ಗೆಳೆಯರಿಗೂ ಹೊಳೆದು, ಚಳಿಗಾಲದಲ್ಲಿ ಬಲೂನನ್ನು ಲಾರಿಯಲ್ಲಿ ಹೇರಿಕೊಂಡು ನಮ್ಮ ದೇಶ ಸುತ್ತುವ ಡಚ್ ಹೆಂಗಸೊಬ್ಬಳನ್ನು ಕರೆಸಿದ್ದರು. ಹೆಸರು ಆನಿಕಾ. ಬಲೂನು ಹಾರಿಸುವವಳು ಒಬ್ಬಳೇ. ಹಾರಿಸಲು, ಹಿಂಬಾಲಿಸಲು, ಇಳಿದ ಮೇಲೆ ಮಡಚಿ ಚೀಲಕ್ಕೆ ತುಂಬಲು ನೆಲದ ಮೇಲೆ ಜನ ಬೇಕು. ಅವರಿಗೆ ಸ್ವಯಂಸೇವಕರು ಎನ್ನುತ್ತಾರೆ. ಹಮಾಲನಿಗೂ ಸ್ವಯಂಸೇವಕನಿಗೂ ಇರುವ ವ್ಯತ್ಯಾಸವಿಷ್ಟೇ: ಹೊತ್ತು ಮುಗಿದ ಮೇಲೆ ಹಮಾಲ ಕೈ ಚಾಚುತ್ತಾನೆ, ಸ್ವಯಂಸೇವಕ ಥ್ಯಾಂಕ್ಸ್ ಹೇಳುತ್ತಾನೆ. ಫೌಂಡ್ರಿಯ ಇಬ್ಬರು ಕೆಲಸಗಾರರ ಜೊತೆಗೆ ನನ್ನ ಹೆಸರನ್ನೂ ಶಿವಾನಂದ ಮೊದಲೇ ಸೇರಿಸಿಬಿಟ್ಟಿದ್ದ.

"ವೈನಿ, ನಿಮಗ ಅನುಭವ ಆಗ್ತತಿ, ಬರೀಲಿಕ್ಕೆ ಬರ್ತತಿ," ಎಂದ. ಬರೆಯುವವರನ್ನು ಪುಕ್ಕಟೆ ದುಡಿಸಿಕೊಳ್ಳಲು ಎಲ್ಲ ದೇಶದಲ್ಲೂ ಇದೇ ಮಾತು.

ಅತ್ತೆ ನೀಲವ್ವ ಅವನ ಜೊತೆಯಲ್ಲೇ ಇರುತ್ತಾರೆ. ಎಪ್ಪತ್ತು ದಾಟಿದೆ. ಮದುವೆಯಾಗಿ ಬಂದ ದಿನದಿಂದ ನನ್ನನ್ನು ಹೆಸರು ಹಿಡಿದು ಕರೆದಿಲ್ಲ.

"ಬಂದೇನ, ಮೈಸೂರಾಕಿ? ಒಬ್ಬಾಕಿನ? ಅವಾ ಎಲ್ಲಿ?"

"ಅವರಿಗೆ ಮಂಡಿನೋವು, ಅತ್ತೆ."

"ಮಂಡಿ ನೂಸೂದು ನಂದು. ಆದ್ರೂ ನಾ ಬಲೂನ್ ಹತ್ತಾಕತ್ತೀನಿ ನೋಡು."

ನಾನು ಶಿವಾನಂದನ ಮುಖ ನೋಡಿದೆ. ಅವನು ಚಹದ ಬಟ್ಟಲಿನೊಳಗೆ ನೋಡಿದ.

ವಿಷಯ ಹೀಗೆ. ಅತ್ತೆಯ ತವರು ಖಾನಾಪುರದ ಆಚೆ, ಲೋಂಡಾ ರಸ್ತೆಯಿಂದ ಒಳಗೆ. ಹೆಸರನ್ನು ಅವರು ಹೇಳುವುದಿಲ್ಲ, "ಆ ಊರು" ಎನ್ನುತ್ತಾರೆ, ಆದ್ದರಿಂದ ನಾನೂ ಹಾಗೇ ಬರೆಯುತ್ತೇನೆ. ಆ ಊರಿನ ಗೌಡಕಿ ಅವರ ಅಣ್ಣ ಚನ್ನಬಸಪ್ಪನವರದು. ಅಣ್ಣನ ಮಗಳ ಮದುವೆಗೆ, ಅಕ್ಷತೆ ಹಿಡಿದುಕೊಂಡು ಮನೆಗೆ ಬಂದು ಕರೆಯಬೇಕಾದ ಅಣ್ಣ, ಲಗ್ನಪತ್ರಿಕೆಯನ್ನು ಬಸ್ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದರಂತೆ. "ಪಾರ್ಸಲ್ ಮಾಡಿದಾ ನನ್ನ," ಎಂದು ಅತ್ತೆ ಆವತ್ತೇ ಆಣೆ ಹಾಕಿದರು: ಆ ಊರಿನ ಮಣ್ಣಿನ ಮೇಲೆ ಇನ್ನು ಕಾಲಿಡುವುದಿಲ್ಲ. ಆ ಮದುವೆಯ ಹುಡುಗಿಗೆ ಈಗ ಕೂದಲು ಬೆಳ್ಳಗಾಗಿದೆ. ಆಣೆ ಕಪ್ಪಗೇ ಇದೆ.

"ಕಾಲು ಇಡೂದಿಲ್ಲ ಅಂದೀನಿ, ಕಣ್ಣು ಇಡೂದಿಲ್ಲ ಅಂದಿಲ್ಲ," ಎಂದರು ಅತ್ತೆ. "ಮ್ಯಾಲಿಂದ ಮ್ಯಾಲ ನೋಡಿ ಬರ್ತೀನಿ. ನಮ್ಮ ಹೊಲ, ನಮ್ಮ ಬಾವಿ. ಅವನ ಮಾರಿ ನೋಡೂದು ಬ್ಯಾಡ."

ಇಷ್ಟು ಅಚ್ಚುಕಟ್ಟಾದ ತಪ್ಪಿಸಿಕೊಳ್ಳುವ ದಾರಿಯನ್ನು ನಾನು ವಕೀಲರಲ್ಲೂ ಕಂಡಿಲ್ಲ. ಆದರೆ ರಾತ್ರಿ ಊಟಕ್ಕೆ ಬಡಿಸುವಾಗ ನನ್ನ ತಟ್ಟೆಗೆ ಎರಡು ಸಲ ಉಪ್ಪು ಹಾಕಿದರು. ಎರಡು ಸಲ ಎಂದೇ ನೆನಪು. ಎಪ್ಪತ್ತು ದಾಟಿದವರು ಸುಮ್ಮನೆಯೂ ಮರೆಯುತ್ತಾರೆ.

ಟಿಳಕವಾಡಿಯಲ್ಲೇ, ಹಿತ್ತಲಿನ ತರಬೇತಿ

ಆನಿಕಾ ನಮಗಿಂತ ಹಿರಿಯಳು, ನಮ್ಮೆಲ್ಲರಿಗಿಂತ ಗಟ್ಟಿ. ಚಹಕ್ಕೆ ಹಾಲು ಹಾಕಿಕೊಳ್ಳುವುದಿಲ್ಲ. ಯಾರು ಏನು ಕೊಟ್ಟರೂ "ಇದರ ತೂಕವೆಷ್ಟು?" ಎಂದು ಕೇಳುತ್ತಾಳೆ. ಹಿತ್ತಲಿನಲ್ಲಿ ಒಂದು ಕುರ್ಚಿಯ ಮೇಲೆ ಶಿವಾನಂದನನ್ನು ಕೂರಿಸಿ, ಅದನ್ನೇ ಬುಟ್ಟಿ ಎಂದು ತಿಳಿಯಿರಿ ಎಂದಳು. ನಾವು ಸುತ್ತ ನಿಂತು ಹಿಡಿದುಕೊಂಡೆವು. ಕಲಿಯಬೇಕಾದದ್ದು ಒಂದೇ ವಿಷಯ. ಬಲೂನಿನೊಳಗೆ ಬಿಸಿಗಾಳಿ ಇರುವವರೆಗೆ ಬುಟ್ಟಿ ಹಗುರ, ಹಿಡಿದವರ ಭಾರದಿಂದಲೇ ಅದು ನೆಲದ ಹತ್ತಿರ ಇರುವುದು. ಅವಳು ಬಿಡಿ ಎನ್ನುವವರೆಗೆ ಒಬ್ಬರೂ ಬಿಡಬಾರದು. "ಹ್ಯಾಂಡ್ಸ್ ಆನ್!" ಎಂದು ಕೂಗಿದಳು. ಶಿವಾನಂದ ಅದನ್ನು "ಬಿಡಬ್ಯಾಡ್ರಿ!" ಎಂದು ಅನುವಾದಿಸಿದ. ಖಾನಾಪುರದ ಕಡೆ ಬೇಕಾಗುತ್ತದೆಂದು ಮರಾಠಿಯಲ್ಲೂ "ಸೋಡೂ ನಕಾ!" ಎಂದು ಕಲಿಸಿದ. ಮೂರು ಭಾಷೆಯಲ್ಲಿ ನಾವು ಕುರ್ಚಿಯನ್ನು ಬಿಡದೆ ಹಿಡಿದೆವು. ಶಿವಾನಂದ ಎಲ್ಲೂ ಹಾರಿಹೋಗಲಿಲ್ಲ.

ಅವಳ ಎರಡನೆಯ ನಿಯಮ ಹೊಲದ ಮಾಲಕರದು. ಬಲೂನು ಗಾಳಿ ಒಯ್ದಲ್ಲಿ ಇಳಿಯುತ್ತದೆ, ಇಳಿದ ಹೊಲ ಯಾರದೋ ಇರುತ್ತದೆ. ಅವಳ ದೇಶದಲ್ಲಿ ಆ ಮಾಲಕನನ್ನು ಹುಡುಕಿ, ಒಂದು ಬಾಟಲಿ ವೈನನ್ನು ಅವನ ಕೈಗೇ ಕೊಡುವುದು ಪದ್ಧತಿ. ಇಲ್ಲಿಗೂ ಒಂದು ಪೆಟ್ಟಿಗೆ ತಂದಿದ್ದಳು.

"ಇಲ್ಲಿ ಗೌಡ್ರು ಎಲ್ಲಾರ ಎದುರಿಗೆ ಬಾಟ್ಲಿ ತಗೊಳ್ಳಂಗಿಲ್ಲ," ಎಂದ ಶಿವಾನಂದ. "ಕುಂದಾ ಕೊಡೂಣು."

ಕುಂದಾ ಬೆಳಗಾವಿಯ ಸಿಹಿ. ಹಾಲನ್ನು ಕಂದುಬಣ್ಣ ಬರುವವರೆಗೆ ಕಾಯಿಸಿ ಮಾಡುತ್ತಾರೆ. ನಮ್ಮ ಮೈಸೂರ್‌ಪಾಕಿನ ಬಗ್ಗೆ ನಾವು ಎಷ್ಟು ಕೊಚ್ಚಿಕೊಳ್ಳುತ್ತೇವೋ ಅಷ್ಟನ್ನು ಇವರು ಇದರ ಬಗ್ಗೆ ಕೊಚ್ಚಿಕೊಳ್ಳುತ್ತಾರೆ, ಒಂದೇ ಒಂದು ವ್ಯತ್ಯಾಸ, ಇದನ್ನು ಹಲ್ಲು ಬಿದ್ದವರೂ ತಿನ್ನಬಹುದು.

"ಆದೀತು," ಎಂದಳು ಆನಿಕಾ. "ಆದರೆ ಮಾಲಕನ ಕೈಗೇ ಕೊಡಬೇಕು. ಇನ್ನೊಬ್ಬರ ಕೈಯಲ್ಲಿ ಕೊಟ್ಟು ಕಳಿಸುವಂತಿಲ್ಲ. ಅದು ಅವಮಾನ."

ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನೋಡ್ರಿ, ಹಾಲಿಲ್ಲದ ಚಾ ಕುಡಿಯೂ ಹೆಣಮಗಳಿಗೂ ತಿಳೀತತಿ. ನಮ್ಮ ಅಣ್ಣಗ ತಿಳೀಲಿಲ್ಲ."

ಖಾನಾಪುರದ ಬಯಲು

ಬೆಳಕು ಹರಿಯುವ ಮೊದಲೇ ಊರ ಹೊರಗಿನ ಬಯಲಿಗೆ ಬಂದೆವು. ಆನಿಕಾ ಎಲ್ಲರ ತೂಕವನ್ನೂ ಗಟ್ಟಿಯಾಗಿ ಕೇಳುತ್ತ ಬಂದಳು. ಗಂಡಸರು ಹೆಮ್ಮೆಯಿಂದ ಹೇಳಿದರು. ನಾನು ಬಹಳ ಹಿಂದೆ ಇದ್ದ ತೂಕವೊಂದನ್ನು ಹೇಳಿದೆ.

"ಹೆಣಮಕ್ಕಳ ತೂಕ ಕೇಳ್ತಾರೇನ?" ಎಂದು ಅತ್ತೆ ಬಾಯಿ ಮುಚ್ಚಿಕೊಂಡರು. ಆನಿಕಾ ಅವರ ನಡುವಿಗೆ ಎರಡೂ ಕೈ ಹಾಕಿ, ಅಕ್ಕಿ ಚೀಲದ ಹಾಗೆ ಎತ್ತಿ, ಇಳಿಸಿ, "ಸರಿ" ಎಂದಳು. ಅತ್ತೆ ಸೆರಗು ಸರಿಮಾಡಿಕೊಂಡು, ಎಷ್ಟು ಬಂತೆಂದು ನನ್ನನ್ನು ಕೇಳಿದರು.

ಬಲೂನು ಎಂದರೆ ಮೊದಲು ಒಂದು ದೊಡ್ಡ ಬಟ್ಟೆ. ಅದನ್ನು ಗದ್ದೆಯಷ್ಟು ಅಗಲಕ್ಕೆ ಹಾಸಬೇಕು. ಬಾಯನ್ನು ಇಬ್ಬರು ತೆರೆದು ಹಿಡಿಯಬೇಕು, ದೊಡ್ಡ ಫ್ಯಾನು ಗಾಳಿ ಊದುತ್ತದೆ, ಆಮೇಲೆ ಬೆಂಕಿ. ಬಲೂನಿನ ನೆತ್ತಿಗೆ ಉದ್ದನೆಯ ಹಗ್ಗವೊಂದಿರುತ್ತದೆ. ಬಲೂನು ಅಡ್ಡಾದಿಡ್ಡಿ ಹೊರಳದ ಹಾಗೆ ಅದನ್ನು ಒಬ್ಬರು ದೂರದಲ್ಲಿ ಜಗ್ಗಿ ನಿಲ್ಲಬೇಕು. ಆ ಕೆಲಸ ನನ್ನದಾಯಿತು. ಎಲ್ಲರೂ ಬೆಂಕಿಯ ಬಳಿ ಬೆಚ್ಚಗೆ ನಿಂತಿರುವಾಗ ನಾನು ಮಂಜಿನಲ್ಲಿ ಒಬ್ಬಳೇ ಹಗ್ಗಕ್ಕೆ ಜೋತುಬಿದ್ದಿದ್ದೆ. ಈ ಪ್ರವಾಸದ ಮುಖ್ಯ ಮಾತುಗಳೆಲ್ಲ ಹಗ್ಗದ ಆ ತುದಿಯಲ್ಲಿ ನಡೆದವು, ನಾನು ಈ ತುದಿಯಲ್ಲಿದ್ದೆ. ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿ ಮತ್ತು ಶೇಂಗಾ ಹಿಂಡಿಯ (ನಮ್ಮ ಕಡಲೆಕಾಯಿ ಚಟ್ನಿಪುಡಿ) ಗಂಟಿನೊಂದಿಗೆ ಅತ್ತೆ ಬುಟ್ಟಿ ಹತ್ತಿದರು. ಗಂಟಿನ ತೂಕವನ್ನೂ ಕೇಳಿದ್ದಾಯಿತು. ಮೇಲೆ ಹೋಗುವಾಗ ನಮಗೆ ಕೈ ಬೀಸಲಿಲ್ಲ. ಪಡುವಣದ ಕಡೆ, ಆ ಊರಿನ ಕಡೆ, ಮೊದಲೇ ತಿರುಗಿ ನಿಂತಿದ್ದರು. ಬೆಳಗಿನ ಗಾಳಿಯೂ ಅತ್ತಲೇ ಬೀಸುತ್ತಿತ್ತು.

ಲೋಂಡಾ ರಸ್ತೆ

ಬಲೂನಿನ ಪ್ರವಾಸವೆಂದರೆ ಒಬ್ಬರು ನೆಟ್ಟಗೆ ಹೋಗುವುದು, ಹತ್ತು ಜನ ಸುತ್ತಿ ಬಳಸಿ ಹೋಗುವುದು. ನಾವು ಪಿಕಪ್ ಗಾಡಿಯಲ್ಲಿ ಬೆನ್ನುಹತ್ತಿದೆವು. ಬಲೂನು ಮರಗಳ ಹಿಂದೆ ಮರೆಯಾದಾಗ ಶಿವಾನಂದ ಗಾಡಿ ನಿಲ್ಲಿಸಿ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರನ್ನು ಬಲೂನು ಎತ್ತ ಹೋಯಿತೆಂದು ಕೇಳಿದ. ಅವರು ಶಾಂತವಾಗಿ ಆಕಾಶಕ್ಕೆ ಕೈ ತೋರಿಸಿ ಮರಾಠಿಯಲ್ಲಿ "ವರತಿ" ಎಂದರು. ಮೇಲೆ. ತಪ್ಪೆನ್ನುವಂತಿರಲಿಲ್ಲ.

ಗಾಡಿಯಲ್ಲಿ ಕುಳಿತು ನನಗೆ ಹೊಳೆದ ಮಾತಿದು. ಬಲೂನಿಗೆ ಚುಕ್ಕಾಣಿಯಿಲ್ಲ. ಅತ್ತೆಯ ಆಣೆಗೆ ಬ್ರೇಕಿಲ್ಲ. ಎರಡನ್ನೂ ಒಂದೇ ಬುಟ್ಟಿಯಲ್ಲಿಟ್ಟು ಕಳಿಸಿದ ಶಿವಾನಂದ, "ಅವ್ವಗ ಬಾಳ ಖುಷಿ ಆಗಿರಬೇಕು ನೋಡ್ರಿ," ಎನ್ನುತ್ತಿದ್ದ.

ಆ ಊರು

ಗಾಳಿ ತಟಸ್ಥವಾಯಿತು. ಬಲೂನು ಕೆಳಗೆ ಬಂತು. ಎಲ್ಲಿ ಬರಬಾರದೋ ಅಲ್ಲೇ ಬಂತು. ನಾವು ತಲುಪುವಷ್ಟರಲ್ಲಿ ಅದು ಆ ಊರಿನ ಕೊಯ್ದ ಗದ್ದೆಯ ನಟ್ಟನಡುವೆ ನೆಟ್ಟಗೆ ನಿಂತಿತ್ತು, ಸುತ್ತ ಅರ್ಧ ಊರು ಸೇರಿತ್ತು, ಬುಟ್ಟಿಯಲ್ಲಿ ಆನಿಕಾಳ ಪಕ್ಕ ಅತ್ತೆ ಎದೆಗೆ ಕೈ ಕಟ್ಟಿ ನಿಂತಿದ್ದರು.

"ಇಳೀ ಅವ್ವಾ," ಎಂದ ಶಿವಾನಂದ.

"ಇಲ್ಲಿ? ಹುಚ್ಚ ಹಿಡದೈತೇನ ನಿನಗ? ರಸ್ತಿಗೆ ಒಯ್ಯಿ ನನ್ನ. ರಸ್ತಿ ಸರಕಾರದ್ದು, ಊರಿಂದಲ್ಲ."

ಆಶ್ಚರ್ಯವೆಂದರೆ ಆನಿಕಾಗೂ ಬೇಕಾದದ್ದು ಅದೇ. ಗದ್ದೆಯ ನಡುವಿನಿಂದ ಅಷ್ಟು ಭಾರ ಹೊರುವುದಕ್ಕಿಂತ, ಬಲೂನಿನಲ್ಲಿ ಇನ್ನೂ ಗಾಳಿ ಬಿಸಿ ಇರುವಾಗಲೇ ಬುಟ್ಟಿಯನ್ನು ಮೊಣಕಾಲೆತ್ತರಕ್ಕೆ ತೇಲಿಸಿ, ಜನ ಹಿಡಿದುಕೊಂಡು ರಸ್ತೆಯವರೆಗೆ ನಡೆಸಿಕೊಂಡು ಹೋಗುವುದು ಸುಲಭ. ಒಬ್ಬಳು ಹೊರುವವರ ಬೆನ್ನು ಉಳಿಸಲು, ಇನ್ನೊಬ್ಬರು ಆಣೆ ಉಳಿಸಲು, ಇಬ್ಬರೂ ರಸ್ತೆಯತ್ತ ಬೆರಳು ತೋರಿಸಿದರು. ಊರವರು ಉತ್ಸಾಹದಿಂದ ಬುಟ್ಟಿಗೆ ಕೈ ಹಾಕಿದರು. ಶಿವಾನಂದ ಮೂರು ಭಾಷೆಯಲ್ಲೂ ನಿಯಮ ಹೇಳಿದ. ಎಲ್ಲರೂ ಮೂರು ಭಾಷೆಯಲ್ಲೂ ಒಪ್ಪಿದರು. ಆಮೇಲೆ ಅವನು ಮೊಬೈಲ್ ಹಿಡಿದು ಹಿಂದಕ್ಕೆ ಸರಿದ. ನಾನು ಯಥಾಪ್ರಕಾರ ದೂರದಲ್ಲಿ ಹಗ್ಗ ಹಿಡಿದು, ಕೂಳೆಯ ಮೇಲೆ ಕುಂಟುತ್ತ ಹೊರಟೆ.

ಅದೊಂದು ಮೆರವಣಿಗೆಯಂತೆಯೇ ಇತ್ತು. ಅತ್ತೆ ಬುಟ್ಟಿಯಲ್ಲಿ ನಿಂತು, ಕೆಳಗಿನವರನ್ನು ಹೆಸರು ಹಿಡಿದು ವಿಚಾರಿಸುತ್ತಿದ್ದರು.

"ಏ, ನೀ ಯಲ್ಲವ್ವನ ಮಗ ಅಲ್ಲೇನ?"

"ಮೊಮ್ಮಗ ಅದೀನ್ರಿ ಆಯಿ."

"ಹೌದೇನ? ಮೂಗು ಮಾತ್ರ ಆಕೀದ ಐತಿ, ಬಿಡು."

ರಸ್ತೆ ಇನ್ನೇನು ಬಂತು. ಆಗ ಆಚೆ ಕಡೆಯಿಂದ ಮೋಟಾರ್‌ಸೈಕಲ್ ಒಂದು ಬಂದು ನಿಂತಿತು. ಹಿಂದಿನ ಸೀಟಿನಿಂದ ಎತ್ತರದ ಮುದುಕರೊಬ್ಬರು ಇಳಿದರು. ಯಾರೋ "ಗೌಡ್ರು ಬಂದ್ರು" ಎಂದರು. ಆಮೇಲೆ ಏನಾಯಿತೆಂದು ಈಗಾಗಲೇ ಹೇಳಿದ್ದೇನೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ತಕರಾರನ್ನೂ ಹೇಳಿದ್ದೇನೆ. ಬುಟ್ಟಿ ಹಿಡಿದ ಕೈಗಳೆಲ್ಲ ಜೋಡಿಯಾಗಿ ಎದೆಯ ಬಳಿ ಸೇರಿದವು. "ಶರಣ್ರೀ ಗೌಡ್ರ!" ಗೌಡರೂ ಕೈ ಮುಗಿದರು. ಬುಟ್ಟಿ ಯಾರ ಅಪ್ಪಣೆಯನ್ನೂ ಕೇಳದೆ ಮೇಲೆದ್ದಿತು. ಮೈಸೂರಿನವರು ಹಿಡಿದಿದ್ದರೆ ಇದು ಆಗುತ್ತಿರಲಿಲ್ಲ. ಹುಬ್ಬು ಹಾರಿಸಿದರೆ ಬಲೂನು ಹಾರುವುದಿಲ್ಲ. ಆದರೆ ನಮ್ಮಲ್ಲಿ ಅಷ್ಟು ಜನ ಬುಟ್ಟಿ ಹಿಡಿಯಲು ಬರುತ್ತಲೂ ಇರಲಿಲ್ಲ, ಅದನ್ನೂ ಹೇಳಬೇಕು.

ಹಗ್ಗ ನನ್ನನ್ನು ಗದ್ದೆಯ ಉದ್ದಕ್ಕೂ ಎಳೆಯಿತು. ಕಾಲು ನೆಲ ಬಿಡುವ ಮೊದಲು ಹಗ್ಗ ಬಿಡಬೇಕೆಂಬುದು ಅದನ್ನು ಕೈಗೆ ಕೊಡುವಾಗ ಆನಿಕಾ ಹೇಳಿದ್ದ ಮಾತು. ಬಿಟ್ಟು ಬದುವಿನ ಮೇಲೆ ಬಿದ್ದೆ. ತಲೆ ಎತ್ತಿದಾಗ ಕಂಡದ್ದು ಇಷ್ಟು: ಅಣ್ಣ ಕೆಳಗೆ, ಮೇಲೆ ನೋಡುತ್ತ. ತಂಗಿ ಮೇಲೆ, ಕೆಳಗೆ ನೋಡುತ್ತ. ತಂಗಿಯ ಕೈಗಳೂ ಜೋಡಿಸಿದ್ದವೇ? ಒಂದೊಂದು ದಿನ ಜೋಡಿಸಿದ್ದವು ಎನಿಸುತ್ತದೆ. ಗಂಟನ್ನು ಹಿಡಿದುಕೊಂಡಿದ್ದರೂ ದೂರದಿಂದ ಹಾಗೆಯೇ ಕಾಣುತ್ತದೆ.

ಹಳ್ಳವನ್ನು ಬಳಸಿಕೊಂಡು

ಪಡುವಣಕ್ಕೆ ಒಂದು ಹಳ್ಳ, ಹಳ್ಳದಾಚೆ ಕೆಲವು ತುಂಡು ಹೊಲ, ಅದರಾಚೆ ಲೋಂಡಾದವರೆಗೂ ಕಾಡು. ಕಾಡಿನಲ್ಲಿ ಬಲೂನಿಗೆ ಇಳಿಯಲು ಜಾಗವಿಲ್ಲ. ನಮ್ಮ ಗಾಡಿಗೆ ಹಳ್ಳ ದಾಟಲು ದಾರಿಯಿಲ್ಲ, ಸುತ್ತಬೇಕು. ಗೌಡರು ಯಾರನ್ನೂ ಕೇಳದೆ ಪಿಕಪ್ಪಿನ ಮುಂದಿನ ಸೀಟಿನಲ್ಲಿ, ನನ್ನ ಪಕ್ಕದಲ್ಲಿ ಬಂದು ಕುಳಿತರು.

"ಹೊಡಿ. ಎಡಕ್ಕ."

ಶಿವಾನಂದ ತನ್ನ ಸೋದರಮಾವನನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ, "ಹೂಂ ಮಾಮಾ" ಎಂದವನ ದನಿ ಚಿಕ್ಕ ಹುಡುಗನದಾಗಿತ್ತು.

"ಇವರ್ಯಾರು?"

"ವೈನಿ. ಅಣ್ಣನ ಹೇಣ್ತಿ. ಮೈಸೂರು."

ಗೌಡರು ನನ್ನತ್ತ ತಿರುಗಿ ಬಹಳ ಕಾಳಜಿಯಿಂದ ಕೇಳಿದರು: "ಅಲ್ಲಿ ಮಂದಿಗೆ ಕನ್ನಡ ತಿಳೀತತೇನ್ರಿ?"

ಆನಿಕಾ ನಮಗೆ ಕೊಟ್ಟಿದ್ದ ವಾಕಿಟಾಕಿ ನನ್ನ ಕೈಯಲ್ಲಿ ಗರಗರ ಎಂದಿತು. ಆನಿಕಾಳ ದನಿ: ಗ್ಯಾಸ್ ಮುಗಿಯುತ್ತ ಬಂದಿದೆ, ಕಾಡಿಗಿಂತ ಮೊದಲೇ ಇಳಿಸಲು ನೋಡುತ್ತೇನೆ. ಅದರ ಹಿಂದೆಯೇ, ಯಂತ್ರವೇ ಬೇಕಿಲ್ಲವೆನ್ನುವಷ್ಟು ಜೋರಾಗಿ, ಅತ್ತೆ:

"ಶಿವ್ಯಾ! ಇಲ್ಲಿಂದ ಬಾವಿ ಕಾಣಾಕತ್ತೈತಿ! ಎಷ್ಟ ಸಣ್ಣದಾಗೇತೋ!"

ಗೌಡರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಬಾಯಿಗಿಟ್ಟುಕೊಂಡರು. "ಬಾವಿ ಸಣ್ಣದಾಗಿಲ್ಲವಾ. ನೀ ಮ್ಯಾಲ ಇದ್ದಿ," ಎಂದರು. ಗುಂಡಿ ಒತ್ತದೆ ಮಾತಾಡಿದರೆ ಅದು ಆಚೆಗೆ ಹೋಗುವುದಿಲ್ಲ. ಅವರು ಒತ್ತಿರಲಿಲ್ಲ. ನಾನು ಹೇಳುವಷ್ಟರಲ್ಲಿ ಇನ್ನೂ ಒಂದು ಮಾತು ಆಡಿದರು, "ಹೆದರಬ್ಯಾಡ." ಅದೂ ಹೋಗಲಿಲ್ಲ.

ಮತ್ತೆ ಯಾರೂ ಕೇಳದೆ, ಕನ್ನಡಿಯಲ್ಲಿ ಕಾಣುತ್ತಿದ್ದ ರಸ್ತೆಗೆ ಹೇಳಿದರು: "ಸಣ್ಣಾಕಿ ಇದ್ದಾಗ ಗಿಡಾ ಹತ್ತತಿದ್ಲು. ಇಳಿಯಾಕ ಬರ್ತಿರಲಿಲ್ಲ. ನಾನ ಇಳಸ್ತಿದ್ದೆ."

ಬರೆಯುವವರಿಗೆ ಇರುವ ಕೆಟ್ಟ ಚಟದಿಂದ ನಾನು ಆ ಲಗ್ನಪತ್ರಿಕೆಯ ಮಾತು ತೆಗೆದೆ.

"ನಾನ ಬಂದಿದ್ನಿ," ಎಂದರು. "ಅಕ್ಷತಿ ಹಿಡಕೊಂಡು. ಟಿಳಕವಾಡಿ ಮನಿ ಕೀಲಿ ಹಾಕಿತ್ತು. ಕಟ್ಟಿ ಮ್ಯಾಲ ಕುಂತ ಕುಂತ ಹೊತ್ತ ಹೋತು. ಕಡೀ ಬಸ್ ತಪ್ಪತಿತ್ತು, ಬಂದ್ನಿ. ಮುಂದ ಕಂಡಕ್ಟರ್ ಕೈಯಾಗ ಕಳಿಸಿದ್ನಿ."

"ಇದನ್ನು ಅವರಿಗೆ ಹೇಳಬಹುದಿತ್ತಲ್ಲ?"

"ಕೇಳಿದ್ರ ಹೇಳ್ತಿದ್ನಿ."

ಆ ಕಾಲದಲ್ಲಿ ಟಿಳಕವಾಡಿಯ ಮನೆಯಲ್ಲಿ ಅತ್ತೆಯ ಅತ್ತೆ ಹಾಸಿಗೆ ಹಿಡಿದಿದ್ದರು, ಮನೆಗೆ ಒಂದು ದಿನವೂ ಕೀಲಿ ಬಿದ್ದದ್ದಿಲ್ಲ ಎಂದು ಅತ್ತೆ ಸಾವಿರ ಸಲ ಹೇಳಿದ್ದಾರೆ. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ನೀವು ತೀರ್ಮಾನಿಸಬಹುದು. ನನಗೆ ಅಷ್ಟು ಧೈರ್ಯವಿಲ್ಲ. ನಾನು ಹಗ್ಗ ಬಿಟ್ಟದ್ದು ಯಾವ ಕೈಯಿಂದ ಎಂಬುದೇ ನನಗೆ ನೆನಪಿಲ್ಲ.

ಕಾಡಿನ ಅಂಚು

ಕೊನೆಯ ತುಂಡು ಹೊಲ. ಬುಟ್ಟಿ ನೆಟ್ಟಗೆ ಕೂತಿತ್ತು, ಬಲೂನಿನ ಬಟ್ಟೆ ಪಕ್ಕದ ಬೇಲಿಯ ಮೇಲೆ ಒಗೆದ ಸೀರೆಯ ಹಾಗೆ ಬಿದ್ದಿತ್ತು. ಇನ್ನು ಹತ್ತು ಮಾರು ಹೋಗಿದ್ದರೆ ಮರಗಳು. ಆನಿಕಾ ಹೊರಗೆ ಬದುವಿನ ಮೇಲೆ ಕುಳಿತು ಅತ್ತೆಯ ರೊಟ್ಟಿ ತಿನ್ನುತ್ತಿದ್ದಳು. ಅತ್ತೆ ಬುಟ್ಟಿಯ ಒಳಗೇ ನಿಂತಿದ್ದರು.

"ಇಳಿಯುವುದಿಲ್ಲವಂತೆ," ಎಂದಳು ಆನಿಕಾ. "ಯಾಕೆಂದು ನೀವೇ ಕೇಳಿ."

ಅತ್ತೆ ಅಣ್ಣನನ್ನು ನೋಡಲಿಲ್ಲ. ಶಿವಾನಂದನನ್ನು ಕೇಳಿದರು. "ಈ ಹೊಲ ಯಾವೂರಿನ ಸೀಮಿಯಾಗ ಬರ್ತತಿ?"

ಶಿವಾನಂದ ಮೊಬೈಲ್ ತೆಗೆದು ನಕ್ಷೆ ಬಿಚ್ಚಿದ. ಅವನ ಮುಖ ನೋಡಿದರೆ ಉತ್ತರ ಚೆನ್ನಾಗಿರಲಿಲ್ಲ. "ಅವ್ವಾ, ಮ್ಯಾಪಿನಾಗ ನೋಡಿದ್ರ ಇದೂ…"

"ನಮ್ಮೂರು ಹಳ್ಳದಾಗ ಮುಗೀತು," ಎಂದರು ಗೌಡರು. ಎಲ್ಲರಿಗೂ ಕೇಳುವ ಹಾಗೆ, ಊರಿನ ಚಾವಡಿಯಲ್ಲಿ ಮಾತಾಡುವ ದನಿಯಲ್ಲಿ. "ಇದು ನಮ್ಮದಲ್ಲ."

ಅತ್ತೆ ಆಗ ಅವರ ಕಡೆ ನೋಡಿದರು. "ಮತ್ತ ಯಾರದು?"

"ಯಾರದೋ. ಯಾರಿಗ್ಗೊತ್ತು. ಇಳೀ."

ಕೈ ಚಾಚಿದರು. ಒಂದೇ ಕೈ. ಇನ್ನೊಂದು ಕೈಯಿಂದ ಬುಟ್ಟಿಯನ್ನು ಹಿಡಿದಿದ್ದರು, ಗಟ್ಟಿಯಾಗಿ, ಅದರಲ್ಲಿ ಬಿಸಿಗಾಳಿಯ ಹೆಸರೇ ಇರಲಿಲ್ಲವಾದರೂ.

ಅತ್ತೆ ಬಹಳ ಹೊತ್ತು ಇಳಿಯಲಿಲ್ಲ, ಆಮೇಲೆ ಇಳಿದರು. ನೆಲಕ್ಕೆ ಕಾಲು ತಾಗಿದಾಗ ಅಣ್ಣ ಏನೋ ಅಂದರು, ತಂಗಿ ಏನೋ ಅಂದರು. ಆ ಹೊತ್ತಿಗೆ ಆನಿಕಾ ನನ್ನನ್ನು ಬಟ್ಟೆಯ ದೂರದ ತುದಿಗೆ ಅಟ್ಟಿದ್ದಳು. ಗಾದಿಗೆ ಹತ್ತಿ ತುಂಬುವ ಹಾಗೆ ಅದನ್ನು ಚೀಲಕ್ಕೆ ತುಂಬುತ್ತ, ಮೇಲೆ ಕುಳಿತು ಗಾಳಿ ಹೊರಡಿಸುತ್ತ, ಮತ್ತೊಮ್ಮೆ ಎಲ್ಲ ಮಾತುಗಳಿಂದ ದೂರವಿದ್ದೆ. ಸಂಜೆ ಅತ್ತೆಯನ್ನು ಕೇಳಿದೆ. "ಸೊರಗೀದಿ ಅಂದಾ," ಎಂದರು. ಮರುದಿನ ಕೇಳಿದೆ. "ದಪ್ಪ ಆಗೀದಿ ಅಂದಾ," ಎಂದರು. ಆಮೇಲೆ ಕೇಳಲಿಲ್ಲ.

ಚೀಲದ ಬಾಯಿ ಕಟ್ಟಿದ ಮೇಲೆ ಆನಿಕಾ ಕುಂದಾದ ಡಬ್ಬಿ ಹಿಡಿದು ನಿಂತಳು. ಮಾಲಕರು ಯಾರು? ನಮ್ಮ ಹಿಂದೆಯೇ ಓಡಿಬಂದಿದ್ದ ಊರವರಲ್ಲಿ ಕೆಲವರು ಕಾಡು ನೋಡಿದರು, ಕೆಲವರು ಚಪ್ಪಲಿ ನೋಡಿಕೊಂಡರು. ಹೊಲ ಸ್ವಚ್ಛವಾಗಿ ಕೊಯ್ದಿತ್ತು, ಬೇಲಿ ಹೊಸದಾಗಿ ಕಟ್ಟಿತ್ತು. ಇಷ್ಟು ಚೆನ್ನಾಗಿ ನೋಡಿಕೊಂಡ ಅನಾಥ ಹೊಲವನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ಹಕ್ಕುಪತ್ರಕ್ಕಾಗಿ ಮೂರು ತಲೆಮಾರು ಕೋರ್ಟು ಹತ್ತುವ ನಾಡಿನಲ್ಲಿ ಒಂದು ಡಬ್ಬಿ ಕುಂದಾ ಜೊತೆಗೆ ಕೊಡುತ್ತೇವೆಂದರೂ ಹೊಲ ನನ್ನದೆನ್ನುವವರು ಸಿಗಲಿಲ್ಲ.

ಆನಿಕಾ ಕೊನೆಗೆ ಗೌಡರ ಮುಂದೆ ಹಿಡಿದಳು. ಅವರು ಡಬ್ಬಿಯನ್ನು ಆಸೆಯಿಂದಲೇ ನೋಡಿದರು.

"ಮಾಲಕಗ ಕೊಡೂದದು. ನಾ ಹೆಂಗ ತಿನ್ಲಿ?"

"ಸಕ್ಕರಿ ಕಾಯ್ಲೆ ಐತೇನ?" ಎಂದರು ಅತ್ತೆ.

"ಇಲ್ಲ."

"ಮತ್ತ ತಿನ್ನು."

"ನಂದಲ್ಲಂದ್ನೆಲ್ಲ, ಎಷ್ಟ ಸಲ ಹೇಳ್ಲಿ?"

ಅತ್ತೆ ಡಬ್ಬಿಯನ್ನು ಆನಿಕಾಳ ಕೈಯಿಂದ ತೆಗೆದುಕೊಂಡು, ಬದುವಿನ ಮೇಲಿಟ್ಟು, ಮುಚ್ಚಳದ ಮೇಲೊಂದು ಕಲ್ಲು ಹೇರಿದರು. "ಮಾಲಕ ಬಂದ್ರ ತಿಂತಾನ," ಎಂದರು. ಇನ್ನೊಬ್ಬರ ಮೂಲಕ ಕಳಿಸಬಾರದೆಂಬ ನಿಯಮದಲ್ಲಿ ಕಲ್ಲಿನ ವಿಷಯವಿರಲಿಲ್ಲವೆಂದು ಕಾಣುತ್ತದೆ, ಆನಿಕಾ ಕೈ ಒರೆಸಿಕೊಂಡು ಗಾಡಿ ಹತ್ತಿದಳು.

ಮನೆ

ಮೈಸೂರಿನ ಕೂಟದಲ್ಲಿ ಇದನ್ನೆಲ್ಲ ಹೇಳಿದೆ. ಅಲ್ಲಿಯ ಹಸು ಹೇಗಿದೆ ಎಂದು ಯಾರೂ ಕೇಳಲಿಲ್ಲ. ಅಣ್ಣ ತಂಗಿ ಒಂದಾದರೇ ಎಂದು ಎಲ್ಲರೂ ಕೇಳಿದರು. ಅತ್ತೆ ಆಣೆ ಮುರಿದಿಲ್ಲ, ಆ ಊರಿನ ಮಣ್ಣಿನ ಮೇಲೆ ಕಾಲಿಟ್ಟಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತಾರೆ. ಮುಂಬಾಗಿಲಿಗೆ ಮಾತ್ರ ಹಗಲುಹೊತ್ತು ಕೀಲಿ ಹಾಕಗೊಡುವುದಿಲ್ಲವಂತೆ. ಕಳ್ಳರು ಬರ್ತಾರವ್ವಾ ಎಂದರೆ, "ಬರ್ಲಿ, ಕಟ್ಟಿ ಮ್ಯಾಲ ಕುಂದರೂದ ತಪ್ಪತತಿ," ಎನ್ನುತ್ತಾರಂತೆ. ಇದು ಶಿವಾನಂದ ಫೋನಿನಲ್ಲಿ ಹೇಳಿದ್ದು. ಮುಖ್ಯವಾದ ಜಾಗದಲ್ಲಿ ಕತ್ತಲಾಗುವ ಅವನ ವಿಡಿಯೊವನ್ನು ನೀವು ನೋಡಿಲ್ಲ, ನಾನು ನೋಡಿದ್ದೇನೆ.

ಆವತ್ತು ಕಾಡಿನ ಅಂಚಿನಿಂದ ನಾವು ಹೊರಟಾಗ ಗೌಡರು ಗಾಡಿ ಹತ್ತಲಿಲ್ಲ. ನಡೆದು ಹೋಗುತ್ತೇನೆ, ಹತ್ತಿರದ ದಾರಿ ಇದೆ ಎಂದರು. ಗಾಡಿ ತಿರುವಿನಲ್ಲಿ ತಿರುಗುವಾಗ ಹಿಂತಿರುಗಿ ನೋಡಿದೆ. ಅವರು ಬೇಲಿಯ ಬಳಿ ನಿಂತು, ಬಲೂನಿನ ಬಟ್ಟೆ ಬಿದ್ದು ಬಾಗಿದ್ದ ಗೂಟವೊಂದನ್ನು ನೆಟ್ಟಗೆ ಮಾಡುತ್ತಿದ್ದರು. ಪಕ್ಕದಲ್ಲಿ ಒಂದು ನಾಯಿ ಬಾಲ ಅಲ್ಲಾಡಿಸುತ್ತಿತ್ತು. ನಾಯಿ ನಾನು ಆಮೇಲೆ ಸೇರಿಸಿದ್ದಿರಬಹುದು. ಗೂಟವನ್ನು ನೋಡಿದ್ದೇನೆ.

ಆ ಹೊಲ ಯಾರದು ಎಂದು ನನಗೆ ಗೊತ್ತಿಲ್ಲ. ಆ ಕುಂದಾ ಯಾರು ತಿಂದರು ಎಂಬುದೂ ಗೊತ್ತಿಲ್ಲ.